ನಲವತ್ತನೇ ನಂಬರಿನ ಟಗರು

ಟಗರಿನ ಕಿವಿಯಿಂದ ಕಳಚಿದ ಪ್ಲಾಸ್ಟಿಕ್ ಬಿಲ್ಲೆಯೊಂದು ಬೆಳಿಗ್ಗೆ ನೀರಿನ ತೊಟ್ಟಿಯಲ್ಲಿ ತೇಲುತ್ತಿತ್ತು. ಗುಮಾಸ್ತ ಅದನ್ನು ಎತ್ತಿ ಒರೆಸಿ ನೋಡಿದ. ನಂಬರು ನಲವತ್ತು.

ಕುರಿ ಸಾಕಣೆ ಕೇಂದ್ರದಲ್ಲಿ ದಾಖಲೆ ಬರೆಯುವುದು ಅವನ ಕೆಲಸ. ಯಾವ ಮರಿಗೆ ಯಾವ ತಾಯಿ, ಯಾವ ತಂದೆ, ಹುಟ್ಟಿದಾಗ ಎಷ್ಟು ತೂಕ, ಹಾಲು ಬಿಡಿಸಿದಾಗ ಎಷ್ಟು, ಎಲ್ಲವನ್ನೂ ವರ್ಷಗಟ್ಟಲೆ ತಪ್ಪದೆ ಬರೆದಿದ್ದ. ಸ್ವಂತ ಮಗ ಹುಟ್ಟಿದಾಗ ಎಷ್ಟು ತೂಕವಿದ್ದ ಎಂದು ಕೇಳಿದರೆ ಮಾತ್ರ ಹೆಂಡತಿಯ ಮುಖ ನೋಡುತ್ತಿದ್ದ. ಆ ದಾಖಲೆಯನ್ನು ಯಾರೂ ತೆರೆದು ನೋಡಿದವರಲ್ಲ. ಮ್ಯಾನೇಜರು ಅದರ ಮೇಲೆ ಚಹಾದ ಲೋಟ ಇಡುತ್ತಿದ್ದರು, ಅಷ್ಟೆ.

ಇವತ್ತು ಅದಕ್ಕೊಂದು ಕಾಲ ಬಂದಿತ್ತು. ತಳಿಗೆಂದು ಒಂದೇ ಟಗರನ್ನು ಉಳಿಸಿಕೊಂಡು ಮಿಕ್ಕವನ್ನು ಕಸಾಯಿಗೆ ಮಾರಬೇಕೆಂದು ಆದೇಶವಾಗಿತ್ತು. ಆರಿಸಲು ಮಧ್ಯಾಹ್ನ ನಿರ್ದೇಶಕರೇ ಬರುವವರಿದ್ದರು. ಮ್ಯಾನೇಜರ ಕಣ್ಣೆಲ್ಲ ದೊರೆ ಎಂಬ ಸುರುಳಿ ಕೊಂಬಿನ ಟಗರಿನ ಮೇಲೆ. ದೊರೆ ನಿಂತರೆ ನಾಟಕದ ರಾಜನಂತೆ ಕಾಣುತ್ತಿತ್ತು, ನಿಜ. ಆದರೆ ಅದಕ್ಕೆ ಹುಟ್ಟಿದ ಮರಿಗಳು ಮಾತ್ರ ಒಗೆದು ಹಿಂಡಿದ ಟವೆಲಿನಂತಿದ್ದವು. ದಾಖಲೆಯ ಪ್ರಕಾರ ಉಳಿಯಬೇಕಾದದ್ದು ಕೊಂಬೇ ಇಲ್ಲದ, ಪೆಚ್ಚುಮುಖದ ನಲವತ್ತು. ಅದರ ಮರಿಗಳು ಗುಂಡುಕಲ್ಲಿನಂತೆ ಬೆಳೆಯುತ್ತಿದ್ದವು.

ನಲವತ್ತಕ್ಕೆ ಒಬ್ಬ ಅವಳಿ ತಮ್ಮನಿದ್ದ. ಅದೇ ಬಣ್ಣ, ಅದೇ ಪೆಚ್ಚುಮುಖ. ಮರಿಗಳು ಮಾತ್ರ ದೊರೆಯ ಮರಿಗಳಿಗಿಂತಲೂ ಕಡೆ. ತಮ್ಮನ ಬಿಲ್ಲೆ ಹಿಂದೆಯೇ ಕಳೆದುಹೋಗಿತ್ತು, ಹೊಸದು ಬಂದಿರಲಿಲ್ಲ. ಬಿಲ್ಲೆ ಇರುವವನು ಅಣ್ಣ, ಇಲ್ಲದವನು ತಮ್ಮ ಎಂದು ಇಷ್ಟು ದಿನ ನಡೆದುಹೋಗುತ್ತಿತ್ತು. ಈಗ ಇಬ್ಬರೂ ಬರಿಗಿವಿಯಲ್ಲಿ ನಿಂತು ಗುಮಾಸ್ತನನ್ನೇ ನೋಡುತ್ತಿದ್ದರು.

ಸುದ್ದಿ ಹಬ್ಬಿ ಎಲ್ಲರೂ ಸಹಾಯಕ್ಕೆ ಬಂದರು. ಉಣ್ಣೆ ಕತ್ತರಿಸುವವನು ಎರಡರ ಬೆನ್ನನ್ನೂ ಸವರಿ ಎಡಗಡೆಯದೇ ಅಣ್ಣ ಎಂದ. ಕೊಟ್ಟಿಗೆಯ ಮೇಸ್ತ್ರಿ ನಡಿಗೆ ನೋಡಿ ಬಲಗಡೆಯದು ಎಂದ. ಮೇಸ್ತ್ರಿ ನೋಡುವಷ್ಟರಲ್ಲಿ ಟಗರುಗಳೇ ಜಾಗ ಬದಲಿಸಿದ್ದರಿಂದ ಇಬ್ಬರ ಮಾತೂ ಒಂದೇ ಆಯಿತು, ಜಗಳ ಮಾತ್ರ ನಿಲ್ಲಲಿಲ್ಲ. ಉಗ್ರಾಣದವನು ಗುಮಾಸ್ತನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ: "ಯಾವುದಕ್ಕಾದ್ರೂ ಒಂದಕ್ಕೆ ಹಾಕ್ಬಿಡು ಮಾರಾಯ. ಟಗರೇನು ಬಾಯ್ಬಿಟ್ಟು ಹೇಳುತ್ತಾ?"

"ಇಷ್ಟು ವರ್ಷ ಬರ್ದಿದ್ದೆಲ್ಲ ಸುಳ್ಳಾಗುತ್ತಲ್ಲಪ್ಪ," ಎಂದ ಗುಮಾಸ್ತ. ಅವನ ದನಿ ಅಳುವ ಹಾಗಿತ್ತು.

ತೂಕದಿಂದ ಗುರುತು ಹಿಡಿಯೋಣವೆಂದು ತಕ್ಕಡಿಗೆ ಹತ್ತಿಸಿದ. ಹೋದ ತಿಂಗಳು ಅಣ್ಣ ತಮ್ಮನಿಗಿಂತ ತುಸು ಭಾರವಿದ್ದ. ಆದರೆ ಮೊದಲನೆಯದನ್ನು ಹಿಡಿದುಕೊಂಡ ಮೇಸ್ತ್ರಿ ತನ್ನದೊಂದು ಕಾಲನ್ನೂ ಹಲಗೆಯ ಮೇಲಿಟ್ಟಿದ್ದರಿಂದ ಮುಳ್ಳು ಎಮ್ಮೆಯ ತೂಕ ತೋರಿಸಿತು. ಎರಡನೆಯದು ಹಲಗೆ ಹತ್ತುವ ಮುಂಚೆ ಉಗ್ರಾಣದವನು ಕನಿಕರದಿಂದ ಇಟ್ಟ ನೀರನ್ನು ಬಕೆಟ್ ತಳ ಕಾಣುವವರೆಗೆ ಕುಡಿದಿತ್ತು. ತಿರುಗಿ ತೂಗೋಣವೆಂದರೆ ಈ ಗದ್ದಲಕ್ಕೆ ಬೆದರಿದ ಟಗರುಗಳು ತಕ್ಕಡಿಯನ್ನೇ ಗುಮ್ಮಿ ಮಗುಚಿದವು.

ಗುಮಾಸ್ತ ನೆಲದಲ್ಲಿ ಕುಳಿತು ಪುಟ ತಿರುವಿದ. ಮರಿಯಾಗಿದ್ದಾಗ ನಲವತ್ತಕ್ಕೆ ತಂತಿ ತರಚಿ ತೊಡೆಯ ಒಳಗಡೆ ಹೊಲಿಗೆ ಹಾಕಿದ್ದನ್ನು ಅವನೇ ಬರೆದಿದ್ದ. ಯಾವ ತೊಡೆ ಎಂದು ಬರೆದಿರಲಿಲ್ಲ. ತನ್ನ ಜನ್ಮಕ್ಕಿಷ್ಟು ಎಂದುಕೊಂಡು ಪ್ಯಾಂಟು ಮಡಚಿ ಟಗರುಗಳ ಅಡಿಗೆ ನುಗ್ಗಿದ. ಮೊದಲನೆಯದು ಅವನ ಮೊಣಕಾಲಿಗೆ ಒದ್ದಿತು, ಕಲೆ ಇರಲಿಲ್ಲ. ಎರಡನೆಯದು ಅಂಗಿಯ ಜೇಬನ್ನು ಕಿತ್ತು ಅಗಿಯಿತು. ಅದರ ಕೊನೆಗೆ ನೋಡಿದ ತೊಡೆಯಲ್ಲಿ, ಉಣ್ಣೆಯಡಿ, ದಾರದಂಥ ಗೆರೆ ಕಂಡಿತು. ಗೊಬ್ಬರದಲ್ಲಿ ಮಲಗಿದ್ದ ಹಾಗೆಯೇ ಗುಮಾಸ್ತ ಅದರ ಕುತ್ತಿಗೆ ತಬ್ಬಿಕೊಂಡ. ಬಿಲ್ಲೆ ಹಾಕಿ ಮುಗಿಸುವುದಕ್ಕೂ ಜೀಪು ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಮ್ಯಾನೇಜರು ದೊರೆಯನ್ನು ಮುಂದೆ ತಂದು ಅದರ ಕೊಂಬನ್ನು ಬಣ್ಣಿಸತೊಡಗಿದರು. ನಿರ್ದೇಶಕರು ಕೈಯೆತ್ತಿ ತಡೆದು ದಾಖಲೆ ಕೇಳಿದರು. ಕುರ್ಚಿ ಎಳೆದುಕೊಂಡು ಮೊದಲ ಪುಟದಿಂದ ಓದಿದರು. ಗುಮಾಸ್ತ ಗೊಬ್ಬರದ ವಾಸನೆ ಬೀರುತ್ತ, ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದ. ಅವನ ಅಕ್ಷರಗಳನ್ನು ಒಬ್ಬರು ಓದುವುದನ್ನು ಅವನು ನೋಡುತ್ತಿದ್ದದ್ದು ಇದೇ ಮೊದಲು.

"ಇಂಥ ದಾಖಲೆ ನಾನು ಯಾವ ಕೇಂದ್ರದಲ್ಲೂ ನೋಡಿಲ್ಲ," ಎಂದರು ನಿರ್ದೇಶಕರು. "ಈ ನಲವತ್ತು ಬಂಗಾರ ಕಣ್ರೀ. ಸಂದೇಹಾನೇ ಇಲ್ಲ."

ಗುಮಾಸ್ತ ಇದನ್ನು ಹೆಂಡತಿಗೆ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳತೊಡಗಿದ.

ನಿರ್ದೇಶಕರು ಎದ್ದು ಚಾಲಕನನ್ನು ಕರೆದರು. ಇಷ್ಟು ಒಳ್ಳೆಯ ಟಗರು ಇಂಥ ಸಣ್ಣ ಕೇಂದ್ರದಲ್ಲಿ ಕೊಳೆಯಬಾರದು, ಮುಖ್ಯ ಕೇಂದ್ರಕ್ಕೆ ಒಯ್ಯೋಣ ಎಂದರು. ಇಲ್ಲಿಗೆ ಹೇಗೂ ಒಂದು ಬೇಕಲ್ಲ, ಆ ಕೊಂಬಿನದು ಇರಲಿ, ನೋಡುವುದಕ್ಕೂ ಲಕ್ಷಣವಾಗಿದೆ ಎಂದೂ ಸೇರಿಸಿದರು. ಮ್ಯಾನೇಜರು ದೊರೆಯ ಬೆನ್ನು ತಟ್ಟಿದರು. ತಮ್ಮನನ್ನು ಕಸಾಯಿಯ ಲಾರಿಗೆ ಹತ್ತಿಸಿದರು. ನಲವತ್ತು ತಾನಾಗಿಯೇ ಜೀಪಿನ ಹಿಂಬದಿಗೆ ಹಾರಿ, ಬಾಯಲ್ಲಿದ್ದ ಜೇಬನ್ನು ನಿಧಾನವಾಗಿ ಅಗಿಯುತ್ತ ಕುಳಿತಿತು.

ಗುಮಾಸ್ತ ಕುಂಟುತ್ತ ಜೀಪಿನ ಹಿಂದೆ ಗೇಟಿನವರೆಗೂ ಹೋದ. ನಿರ್ದೇಶಕರು ಕಿಟಕಿಯಿಂದ ಕೈ ಚಾಚಿ ಅವನ ಕೈ ಕುಲುಕಿದರು.

"ಮುಂದಿನ ಸಲಾನೂ ಇಷ್ಟೇ ಚೆನ್ನಾಗಿ ಬರೀರಿ," ಎಂದರು. "ಬಂದು ತಗೊಂಡು ಹೋಗ್ತೀವಿ."