ಬೀಟೆ ಕುರ್ಚಿಯ ತ್ಯಾಗ

ತ್ಯಾಗ ಮಾಡುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸಿರಲಿಲ್ಲ. ಈಸ್ಟರಿಗೆ ಮುಂಚಿನ ನಲವತ್ತು ದಿನ ನಮ್ಮ ಕ್ರೈಸ್ತರ ಮನೆಗಳಲ್ಲಿ ಇಷ್ಟವಾದದ್ದೊಂದನ್ನು ಬಿಡುವ ಪದ್ಧತಿಯಿದೆ. ನಾನು ಪ್ರತಿವರ್ಷ ತಪ್ಪದೆ ಹಾಗಲಕಾಯಿ ಬಿಡುತ್ತಿದ್ದೆ. ಅದು ನನಗೆಷ್ಟು ಇಷ್ಟವೆಂದು ದೇವರು ನನ್ನ ಹೆಂಡತಿ ಕಾರ್ಮಿಣಳನ್ನು ಕೇಳಿದ್ದರೆ ಗೊತ್ತಾಗುತ್ತಿತ್ತು. ಆತ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಗ ನಾನು ಸಾಗರದಲ್ಲಿ ಗುಮಾಸ್ತ. ಅಣೆಕಟ್ಟಿನ ಕೆಲಸಕ್ಕೆಂದು ಬಂದವರಿಂದ ನಮ್ಮ ಸಣ್ಣ ಇಗರ್ಜಿ ತುಂಬಿರುತ್ತಿದ್ದ ಕಾಲ. ಆ ವರ್ಷ ಪಾದ್ರಿಗಳು ಪ್ರಸಂಗದಲ್ಲಿ, "ಬೇಡದ್ದನ್ನು ಬಿಟ್ಟು ದೇವರಿಗೆ ಮಂಕುಬೂದಿ ಎರಚಬೇಡಿ. ಯಾವುದು ನಿಮ್ಮನ್ನು ಕಟ್ಟಿಹಾಕಿದೆಯೋ ಅದನ್ನು ಬಿಡಿ, ಆಗ ದೇವರಿಗೆ ಸೇರಿದವರಾಗುತ್ತೀರಿ" ಎಂದರು. ನನ್ನನ್ನು ನೋಡಿಯೇ ಹೇಳಿದರೆಂದು ಇಂದಿಗೂ ನನಗೆ ಗುಮಾನಿ. ಪೂಜೆ ಮುಗಿದು ಅಂಗಳಕ್ಕೆ ಬಂದಾಗ ಬೇಕರಿ ನಡೆಸುವ ಸಾಲು ಎಂಬವನು, "ನಾ ನಶ್ಯ ಬಿಟ್ಟೆ ಫಾದರ್" ಎಂದ. ಎಲ್ಲರೂ ತಲೆದೂಗಿದರು. ನನಗೆ ತಡೆಯಲಾಗಲಿಲ್ಲ. "ಫಾದರ್, ನನ್ನ ಆರಾಮ ಕುರ್ಚಿಯನ್ನೇ ತಮ್ಮ ಬಂಗಲೆಗೆ ಕೊಟ್ಟೆ" ಎಂದುಬಿಟ್ಟೆ.

ಅದು ಬಡಗಿಯಾಗಿದ್ದ ಅಪ್ಪ ಕೊನೆಗಾಲದಲ್ಲಿ ನನ್ನ ಬೆನ್ನಿನ ಅಳತೆ ತೆಗೆದು ಬೀಟೆಮರದಲ್ಲಿ ಮಾಡಿದ ಕುರ್ಚಿ. ಕಚೇರಿಯಿಂದ ಬಂದು ಅದರಲ್ಲಿ ಬಿದ್ದರೆ ಊಟಕ್ಕೇ ಏಳುತ್ತಿದ್ದೆ. "ಹೋಗ್ಲಿ ಬಿಡಿ, ಜಗುಲಿ ಗುಡ್ಸೋಕೆ ಜಾಗ ಆಯ್ತು" ಎಂದಳು ಕಾರ್ಮಿಣ. ಕುರ್ಚಿ ಬಂಗಲೆಗೆ ಹೋದ ಮೇಲೆ ನೆಲದಲ್ಲಿ ಅದರ ನಾಲ್ಕು ಕಾಲಿನ ಗುರುತು ಉಳಿದಿತ್ತು. ಎರಡು ಸಂಜೆ ಅಲ್ಲೇ ಚಾಪೆ ಹಾಸಿ ಕೂತೆ. ಅಪ್ಪ ಇನ್ನೊಮ್ಮೆ ಹೋದಂತೆ ಸಂಕಟವಾಯಿತು.

ಮೂರನೆಯ ಸಂಜೆ, ತ್ಯಾಗದ ಬಗ್ಗೆ ಒಂದು ಸಂದೇಹ ಕೇಳಲು ಪಾದ್ರಿಗಳ ಬಂಗಲೆಗೆ ಹೋದೆ. ಅವರು ಸ್ಟೂಲಿನ ಮೇಲೆ ಕೂತು ನನಗೆ ನನ್ನದೇ ಕುರ್ಚಿ ತೋರಿಸಿದರು. ಸಂದೇಹ ತೀರಲು ಒಂದೂವರೆ ಗಂಟೆ ಹಿಡಿಯಿತು. ಮರುದಿನ ದೇವದೂತರ ಬಗ್ಗೆ ಸಂದೇಹ ಬಂತು, ಆಮೇಲೆ ನರಕದ ಬಗ್ಗೆ. ಅವರು ವಿವರಿಸುವರು, ನಾನು ಚೆನ್ನಾಗಿ ಅರ್ಥವಾಗಲೆಂದು ಕಣ್ಣು ಮುಚ್ಚಿಕೊಳ್ಳುವೆ. ಒಂದೆರಡು ಸಲ ಗೊರಕೆ ಹೊಡೆದೆನಂತೆ, ನಾನು ನಂಬುವುದಿಲ್ಲ. "ಕುರ್ಚಿ ಬಿಡ್ತೀನಿ ಅಂದೋರು ಮನೇನೇ ಬಿಟ್ರಲ್ರೀ" ಎಂದಳು ಕಾರ್ಮಿಣ. ಊರವರು ಮಾತ್ರ ನನ್ನನ್ನು ದೇವರ ಮನುಷ್ಯನೆನ್ನತೊಡಗಿದರು. ಅದು ನನಗೆ ಹಿತವಾಗಿಯೇ ಇತ್ತು.

ಈಸ್ಟರ್ ದಿನ ಪಾದ್ರಿಗಳು ತಮಗೆ ತೀರ್ಥಹಳ್ಳಿಗೆ ವರ್ಗವಾಗಿದೆಯೆಂದು ತಿಳಿಸಿದರು. ನನ್ನ ಭಕ್ತಿಯನ್ನು ಹೊಗಳಿ, "ಇವರ ತ್ಯಾಗದ ಗುರುತಾಗಿ ಆ ಕುರ್ಚಿಯನ್ನು ಜೊತೆಗೆ ಒಯ್ಯುತ್ತೇನೆ, ಆಗಬಹುದಲ್ಲ?" ಎಂದು ಎಲ್ಲರೆದುರು ಕೇಳಿದರು. ಇಗರ್ಜಿಯೇ ನನ್ನತ್ತ ತಿರುಗಿತು. ಹಿಂದಿನ ಬೆಂಚಿನಲ್ಲಿ ಬೇಕರಿಯ ಸಾಲು ನಶ್ಯದ ಸೀನು ಸೀನಿದ. ನಾನು ಆಗಬಹುದೆಂದು ತಲೆಯಾಡಿಸಿದೆ.

ಮರುದಿನ ಬೆಳಿಗ್ಗೆ ನಾನೇ ಬಸ್ಸಿನ ಟಾಪಿನ ಮೇಲೆ ಹತ್ತಿ ಅದನ್ನು ಕಟ್ಟಿದೆ. ಹಗ್ಗ ಬಿಗಿದ ಮೇಲೂ ಅದರ ತೋಳಿನಿಂದ ಕೈ ತೆಗೆಯಲು ಮನಸ್ಸಾಗಲಿಲ್ಲ. ಇಳಿದು ಬಂದಾಗ ಕಾರ್ಮಿಣ ಮೆಲ್ಲಗೆ, "ಮಾವ ಮಾಡಿದ್ದು ಅದು. ನಾ ಬೇಕಾದ್ರೆ ಫಾದರ್ ಹತ್ರ ಕೇಳ್ತೀನಿ, ಕೊಡ್ತಾರೆ" ಎಂದಳು.

"ಸುಮ್ನಿರು, ಜನ ನೋಡ್ತಿದಾರೆ" ಎಂದೆ.

ಬಸ್ಸು ಹೊರಡುವಾಗ ಪಾದ್ರಿಗಳು ಕಿಟಕಿಯಿಂದ ತಲೆ ಹೊರಹಾಕಿದರು. "ಸಂದೇಹ ಬಂದರೆ ಕಾಗದ ಬರೆಯಿರಿ. ಸಂಜೆ ತೀರ್ಥಹಳ್ಳಿಯಿಂದ ಸಾಗರಕ್ಕೆ ಬಸ್ಸಿಲ್ಲ."

ಅದು ನನಗೆ ಗೊತ್ತಿತ್ತು. ಕುರ್ಚಿ ಕಟ್ಟುವ ಮೊದಲೇ ಕಂಡಕ್ಟರನನ್ನು ಕೇಳಿದ್ದೆ. ಅರ್ಧ ದಾರಿಯ ಹೊಸನಗರದವರೆಗೆ ಒಂದಿದೆಯಂತೆ.