ರಹೀಮರ ಸಂಪಿನೊಳಗಿನ ಕೆರೆ

ಎಡವಟ್ಟೆಲ್ಲ ಶುರುವಾದದ್ದು ಗುದ್ದಲಿಗೆ ಅಂಟಿಕೊಂಡು ಬಂದ ಒಂದು ಬಸವನಹುಳದ ಚಿಪ್ಪಿನಿಂದ. ಶಿಡ್ಲಘಟ್ಟದ ಅಬ್ದುಲ್ ರಹೀಮರು ಮನೆಯಂಗಳದಲ್ಲಿ ನೀರಿನ ಸಂಪು ತೋಡಿಸುತ್ತಿದ್ದರು. ಪಕ್ಕದ ಮನೆಯ ವೆಂಕಟರವಣಪ್ಪ ಕಾಂಪೌಂಡಿನ ಮೇಲಿಂದ ಇಣುಕಿದರು. ಚಿಪ್ಪು ಕಂಡದ್ದೇ ತಡ, ಲುಂಗಿ ಎತ್ತಿ ಕಟ್ಟಿಕೊಂಡು ಬಂದು ಗುಂಡಿಗೇ ಇಳಿದುಬಿಟ್ಟರು.

ಪಾಪ, ಅವರ ಸಂಕಟ ಅವರಿಗೆ. ಚಿಂತಾಮಣಿಯ ಕಾಲೇಜಿನಲ್ಲಿ ಜೀವಮಾನವೆಲ್ಲ ಭೂವಿಜ್ಞಾನ ಪಾಠ ಮಾಡಿದವರು. ಆದರೆ ಈ ಸೀಮೆಯಲ್ಲಿ ಎಲ್ಲಿ ಅಗೆದರೂ ಗ್ರಾನೈಟು. ಪಳೆಯುಳಿಕೆಗಳನ್ನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿಯೇ ರಿಟೈರಾದರು. "ಸರ್, ನಿಜವಾದದ್ದು ಒಂದಾದ್ರೂ ತೋರಿಸ್ತೀರಾ?" ಎಂದು ಭಾನುಪ್ರಿಯಾ ಎಂಬ ವಿದ್ಯಾರ್ಥಿನಿ ಒಮ್ಮೆ ಕೇಳಿದ್ದು ಇಂದಿಗೂ ಎದೆಯಲ್ಲಿ ಚುಚ್ಚುತ್ತಿತ್ತು. ಈಗ ಅವಳೇ ದೊಡ್ಡ ಭೂವಿಜ್ಞಾನಿ. ಗುಂಡಿಯೊಳಗಿಂದಲೇ ಅವಳಿಗೆ ಫೋನು ಹೋಯಿತು.

"ಬೇಗ ಬಾರಮ್ಮ! ಇಲ್ಲೊಂದು ಕೆರೆ ಇತ್ತು, ಹತ್ತು ಸಾವಿರ ವರ್ಷದ ಹಿಂದೆ!"

"ಏನಯ್ಯ ರವಣ, ಮಧ್ಯಾಹ್ನ ಕಾಂಕ್ರೀಟಿನೋರು ಬರ್ತಾರೆ. ಮೇಲೆ ಬಾ," ಎಂದರು ರಹೀಮರು.

"ಸಂಪು ನಾಳೆ ಕಟ್ಟಿಸ್ಕೊಳ್ಳೋ! ನೋಡಿಲ್ಲಿ, ತಳದಲ್ಲಿ ಕೆಂಪು ಮಣ್ಣು, ಅದರ ಮೇಲೆ ಕಪ್ಪು ಮಣ್ಣು, ಕಪ್ಪಿನ ತುಂಬ ಚಿಪ್ಪು. ಕೆಳಗಿರೋ ಪದರ ಹಳೇದು, ಮೇಲಿರೋದು ಹೊಸದು. ಅಂದ್ರೆ ಮೊದಲು ಇಲ್ಲಿ ಒಣಭೂಮಿ, ಆಮೇಲೆ ನಿಂತ ನೀರು!"

ನೀರು ಎಂಬ ಮಾತು ಕಿವಿಗೆ ಬಿದ್ದದ್ದೇ ಎದುರು ಮನೆಯ ಚಿರಂಜೀವಿ ಬೋರ್‌ವೆಲ್ ಪಾಯಿಂಟು ನೋಡಲು ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹಾಜರಾದ. ಕಾಯಿ ನೆಟ್ಟಗೆ ನಿಲ್ಲುವ ಬದಲು ಉರುಳಿ ಮೇಷ್ಟ್ರ ಬೋಳುತಲೆಗೇ ಬಿತ್ತು. "ಪಾಯಿಂಟು ಇಲ್ಲೇ ಸಾರ್!" ಎಂದ ಚಿರಂಜೀವಿ. ಬೀದಿಯೆಲ್ಲ ಗುಂಡಿಯ ಸುತ್ತ ನೆರೆಯಿತು. ಕಾಂಕ್ರೀಟಿನವರು ಬಂದರು, ಕಾದರು, ಬೈದುಕೊಂಡು ಹೊರಟೂ ಹೋದರು. "ನನ್ನ ಸಂಪಿಗೆ ಕಲ್ಲು ಹಾಕಿದೆಯಲ್ಲೋ!" ಎಂದು ರಹೀಮರು ತಲೆ ಚಚ್ಚಿಕೊಂಡರು.

ಸಂಜೆಗೆ ಭಾನುಪ್ರಿಯಾ ಬಂದು ಏಣಿಯಲ್ಲಿ ಇಳಿದಳು. ವೆಂಕಟರವಣಪ್ಪನವರು ಒಂದು ಹಿಡಿ ಕಪ್ಪು ಮಣ್ಣನ್ನು ಪ್ರಸಾದದಂತೆ ಎತ್ತಿದರು. ಅದರ ತಂಪು ವಾಸನೆ ಮೂಗಿಗೆ ಬಡಿಯಿತು.

"ಅಯ್ಯೋ, ಈ ವಾಸನೆ ಕಣಮ್ಮ! ನಾವು ಒಂಬತ್ತು ವರ್ಷದ ಹುಡುಗರಾಗಿದ್ದಾಗ ಬೇಸಿಗೇಲಿ ಊರ ಕೆರೆ ಬತ್ತಿದ್ರೆ ಹಬ್ಬ. ರಹೀಮನ ಅಪ್ಪ ಅವರ ರೇಷ್ಮೆ ಸೊಪ್ಪಿನ ತೋಟಕ್ಕೆ ಗಾಡಿಗಟ್ಟಲೆ ಕೆರೆಗೋಡು, ಅದೇ ಕೆರೆ ತಳದ ಕಪ್ಪು ಮಣ್ಣು, ಹೊಡೆಸೋರು. ನಾವಿಬ್ರೂ ಗೋಡಿನ ಮೇಲೇ ಕೂತ್ಕೊಂಡು ಬಂದು, ಕಾಲಲ್ಲಿ ತಳ್ಳಿ ತಳ್ಳಿ ಹರಡ್ತಿದ್ವಿ. ಚಿಪ್ಪು ಚುಚ್ಚಿ ಅಂಗಾಲೆಲ್ಲ ರಕ್ತ! ಇವನಮ್ಮ ಅರಿಶಿನ ಹಚ್ಚಿ, ಬಾಯಿಗೆ ಬೆಲ್ಲ ಹಾಕೋರು. ಎಂಥಾ ತಾಯಿ ಅವರು..."

"ಆ ತೋಟ ಎಲ್ಲಿತ್ತು ಸರ್?"

"ಎಲ್ಲಿ ಅಂದ್ರೆ... ಇಲ್ಲೇ ಕಣಮ್ಮ, ಈ ಮನೆ ಕಟ್ಟೋಕೆ ಮುಂಚೆ..."

ನೆಲದತ್ತ ಚಾಚಿದ ಬೆರಳು ಅಲ್ಲೇ ನಿಂತಿತು. ರಹೀಮರ ಸಿಟ್ಟು ಎಲ್ಲಿ ಹೋಯಿತೋ, ಗುಂಡಿಯ ಅಂಚಿನಲ್ಲಿ ಕುಕ್ಕರಿಸಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು.

ಭಾನುಪ್ರಿಯಾ ನಗು ತಡೆದುಕೊಂಡಳು. "ಹಾಗಾದ್ರೆ ಸರ್, ಈ ಪದರದ ವಯಸ್ಸು ಎಷ್ಟು ಅನ್ನೋಣ?"

ವೆಂಕಟರವಣಪ್ಪನವರು ಮಣ್ಣನ್ನು ಇನ್ನೊಮ್ಮೆ ಮೂಸಿ ನೋಡಿದರು.

"ನನಗಿಂತ ಒಂಬತ್ತು ವರ್ಷ ಚಿಕ್ಕದು ಕಣಮ್ಮ."