ಚೆಕ್ಕಿಂಗ್ ಇನ್ಸ್‌ಪೆಕ್ಟರರ ಹೆಂಡತಿಯ ಪಾಪನಿವೇದನೆ

ಮ್ಯಾಕ್ಸಿಮ್: ನನ್ನ ಪಾಪವನ್ನು ಫಾದರ್ ಹತ್ತಿರ ಹೇಳಲಿಕ್ಕೆ ನಿನಗೆ ಅಧಿಕಾರ ಕೊಟ್ಟದ್ದು ಯಾರು?

ಬೆನೆಡಿಕ್ಟಾ: ನಿಮ್ಮದಲ್ಲ ಮಾರಾಯ್ರೆ, ನನ್ನದೇ. ಸಿಟ್ಟು ಬಂತು ಫಾದರ್ ಅಂತ ಹೇಳಿದೆ. ಎಂತಕ್ಕೆ ಬಂತು ಅಂತ ಕೇಳಿದರು. ಪಾಪನಿವೇದನೆಗೆ ಮೊಣಕಾಲೂರಿ ಸುಳ್ಳು ಹೇಳಲಿಕ್ಕೆ ಆಗ್ತದಾ?

ಮ್ಯಾಕ್ಸಿಮ್: ಸಂಸಾರದಲ್ಲಿ ಇದೆಲ್ಲ ಉಂಟು ಫಾದರ್ ಅಂತ ಒಂದು ಮಾತಿನಲ್ಲಿ ಮುಗಿಸಬಹುದಿತ್ತಲ್ವಾ?

ಬೆನೆಡಿಕ್ಟಾ: ಒಂದು ಮಾತಿನಲ್ಲಿ ಮುಗಿಯುವ ವಾರವಾ ಇದು? ಸೋಮವಾರದಿಂದ ಸುರು ಮಾಡಿದೆ.

ಕಲ್ಯಾಣಪುರದ ಆ ಮನೆಯ ಜಗಲಿಯಲ್ಲಿ ಶನಿವಾರ ಸಂಜೆ ನಡೆದ ಮಾತಿದು. ಬೆನೆಡಿಕ್ಟಾಬಾಯಿ ಇಗರ್ಜಿಯಿಂದ ಈಗಷ್ಟೇ ಬಂದಿದ್ದರು, ತಲೆಯ ಮೇಲಿನ ವೇಲ್ ಕೂಡ ತೆಗೆದಿರಲಿಲ್ಲ. ಮ್ಯಾಕ್ಸಿಮ್ ಉಡುಪಿ–ಕಾರ್ಕಳ ಬಸ್ಸುಗಳ ಚೆಕ್ಕಿಂಗ್ ಇನ್ಸ್‌ಪೆಕ್ಟರ್ ಆಗಿದ್ದವರು. ರಿಟೈರಾಗಿ ಮನೆಯಲ್ಲಿ ಕೂತ ಮೊದಲ ವಾರವಿದು. ಟಿವಿ ಇನ್ನೂ ಮನೆಮನೆಗೆ ಬಾರದ ಆ ದಿನಗಳಲ್ಲಿ ರಿಟೈರಾದ ಗಂಡಸಿಗೆ ನೋಡಲು ಇದ್ದದ್ದು ಹೆಂಡತಿಯೊಬ್ಬಳೇ. ಮ್ಯಾಕ್ಸಿಮ್ ಸುಮ್ಮನೆ ನೋಡುವ ಜಾತಿಯವರಲ್ಲ, ಚೆಕ್ ಮಾಡುವವರು.

ಅವರಿಗೆ ಉಳಿದಿದ್ದ ಆಸೆ ಒಂದೇ: ವಾಡ್ಯದ ಗುರ್ಕಾರನಾಗುವುದು. ವಾಡ್ಯವೆಂದರೆ ಇಗರ್ಜಿಗೆ ಸೇರಿದ ಒಂದು ಕೇರಿ, ಗುರ್ಕಾರನೆಂದರೆ ಅಲ್ಲಿನ ಕ್ರೈಸ್ತ ಮನೆಗಳಿಗೆಲ್ಲ ಹಿರಿಯ. ಮದುವೆಗೂ ಮರಣಕ್ಕೂ ಜಗಳಕ್ಕೂ ಮೊದಲ ಕರೆ ಅವನಿಗೇ. ಹೊಸ ಗುರ್ಕಾರನ ಹೆಸರನ್ನು ಫಾದರ್ ನಾಳೆಯ ಪೂಜೆಯಲ್ಲಿ ಹೇಳುವವರಿದ್ದರು. ಮ್ಯಾಕ್ಸಿಮ್ ಸಂತೆಕಟ್ಟೆಯ ದರ್ಜಿಯಿಂದ ಕೋಟು ಕೂಡ ಹೊಲಿಸಿ ಆಗಿತ್ತು.

ಮ್ಯಾಕ್ಸಿಮ್: ಸೋಮವಾರ ನಾನು ಎಂತ ಮಾಡಿದೆ? ಕಾವಿಗೆ ಕೂತ ಹೇಂಟೆಯನ್ನು ಸ್ವಲ್ಪ ಎತ್ತಿ ನೋಡಿದೆ. ಅಡಿಯಲ್ಲಿ ಎಂತ ಉಂಟು ಅಂತ ತಿಳಿಯಬೇಡವಾ?

ಬೆನೆಡಿಕ್ಟಾ: ದಿನಾ ಎತ್ತುವುದಾ? ಈಗ ನಿಮ್ಮ ಕೆಮ್ಮು ಕೇಳಿದರೆ ಸಾಕು, ಅದು ತಾನಾಗಿ ಎದ್ದು ಬದಿಗೆ ನಿಲ್ತದೆ.

ಮ್ಯಾಕ್ಸಿಮ್: ನೋಡು, ಶಿಸ್ತು ಬಂದಿದೆ.

ಬೆನೆಡಿಕ್ಟಾ: ಶಿಸ್ತು ಬಂದಿದೆ, ಮರಿ ಬರುವುದಿಲ್ಲ. ಮತ್ತೆ ಮೀನು ಮಾರುವ ಸುಗಂಧಿ. ನಮ್ಮ ಗೇಟು ಕಂಡ ಕೂಡಲೇ ಬುಟ್ಟಿ ಮುಚ್ಚಿಕೊಂಡು ಓಡ್ತಾಳೆ.

ಮ್ಯಾಕ್ಸಿಮ್: ಬಂಗುಡೆಯ ಕಿವಿರು ಬಿಡಿಸಿ ನೋಡಿದ್ದು ತಪ್ಪಾ?

ಬೆನೆಡಿಕ್ಟಾ: ಬುಟ್ಟಿಯ ಅಷ್ಟೂ ಬಂಗುಡೆಯ ಕಿವಿರು ಬಿಡಿಸಿ, ಒಂದನ್ನೂ ತೆಗೆದುಕೊಳ್ಳದೆ 'ರೈಟ್, ಹೋಗ್ಲಿ' ಅಂತ ಕಳಿಸಿದ್ದು ತಪ್ಪು. ನಿನ್ನೆ ಶುಕ್ರವಾರ ಮಾಂಸ ಮಾಡುವ ಹಾಗಿಲ್ಲ, ಮೀನೂ ಇಲ್ಲ. ಸೌತೆಕಾಯಿ ಎದುರಿಗಿಟ್ಟುಕೊಂಡು ಯಾರ ಮುಖ ಬಾಡಿದ್ದು? ಅದು ಹೋಗಲಿ, ಪಕ್ಕದ ಮನೆಯ ಜೆರ್ಟ್ರೂಡ್ ನೀರಿಗೆ ಬಂದರೆ ಎಂತ ಕೇಳಿದಿರಿ?

ಮ್ಯಾಕ್ಸಿಮ್: ಎಲ್ಲಿಂದ ಬಂದದ್ದು, ಎಲ್ಲಿ ಇಳಿಯುವುದು ಅಂತ. ಬಾಯಿಗೆ ಬಂದುಬಿಟ್ಟಿತು. ಅಭ್ಯಾಸ.

ಬೆನೆಡಿಕ್ಟಾ: ಬಾವಿಕಟ್ಟೆಯಲ್ಲಿ ಬಗ್ಗಿ ನಿಂತವಳ ಹತ್ತಿರ ಎಲ್ಲಿ ಇಳಿಯುವುದು ಅಂತ ಕೇಳುವುದಾ! ಅವಳ ಕೊಡಪಾನ ಇನ್ನೂ ಒಳಗೇ ಉಂಟು.

ಮ್ಯಾಕ್ಸಿಮ್ ಗೇಟಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

ಮ್ಯಾಕ್ಸಿಮ್: ಹಲಸಿನ ಮರದ ವಿಷಯ ಹೇಳಲಿಲ್ಲ ಅಲ್ವಾ?

ಬೆನೆಡಿಕ್ಟಾ: ಹೇಳದೆ ಬಿಡ್ತೇನಾ? ಹಂದಿಗೆ ಕಲಗಚ್ಚು ಕೊಂಡುಹೋಗುವಾಗ ಮರದ ಹಿಂದಿನಿಂದ ಹಾರಿ ಬಂದು ಕೈ ಅಡ್ಡ ಹಿಡಿದರೆ ನಾನು ಎಂತ ಮಾಡಬೇಕು?

ಮ್ಯಾಕ್ಸಿಮ್: ಸರ್‌ಪ್ರೈಸ್ ಚೆಕ್ಕಿಂಗ್ ಅದು. ಬ್ರೇಕ್ ಹಾಕಬೇಕು.

ಬೆನೆಡಿಕ್ಟಾ: ಹಾಕಿದೆನಲ್ಲ. ನಾನು ನಿಂತೆ, ಕಲಗಚ್ಚು ನಿಲ್ಲಲಿಲ್ಲ.

ಆ ದಿನ ಮೂರು ಸಲ ಮಿಂದರೂ ಹೋಗದ ವಾಸನೆ ನೆನಪಾಗಿ ಮ್ಯಾಕ್ಸಿಮ್ ಮೂಗು ಒರೆಸಿಕೊಂಡರು. ಅಷ್ಟರಲ್ಲಿ ಏನೋ ಹೊಳೆದು ಮುಖ ಅರಳಿತು.

ಮ್ಯಾಕ್ಸಿಮ್: ಇರಲಿ ಬಿಡು! ಪಾಪನಿವೇದನೆಯಲ್ಲಿ ಕೇಳಿದ್ದನ್ನು ಫಾದರ್ ಕುತ್ತಿಗೆ ಹೋದರೂ ಹೊರಗೆ ತರುವ ಹಾಗಿಲ್ಲ. ಅದನ್ನು ಮನಸ್ಸಿನಲ್ಲಿಟ್ಟು ಬೇರೆಯವರನ್ನು ಗುರ್ಕಾರ ಮಾಡುವ ಹಾಗೂ ಇಲ್ಲ. ನನಗೆ ಎಂತ ತೊಂದರೆಯೂ ಇಲ್ಲ.

ಬೆನೆಡಿಕ್ಟಾ: ಅದೇ ಹೇಳಲಿಕ್ಕೆ ಹೊರಟದ್ದು. 'ಬೆನೆಡಿಕ್ಟಾಬಾಯಿ, ಇದು ನಿಮ್ಮ ಪಾಪ ಅಲ್ಲ, ಗಂಡನ ಮೇಲಿನ ದೂರು. ಹಿಂದೆ ಜನ ಕಾಯ್ತಾ ಇದ್ದಾರೆ. ದೂರನ್ನು ಹೊರಗೆ ನನ್ನ ಬಂಗಲೆಯ ಜಗಲಿಯಲ್ಲಿ ಹೇಳಿ' ಅಂದರು ಫಾದರ್.

ಮ್ಯಾಕ್ಸಿಮ್: ನೀನು ಹೇಳಲಿಲ್ಲ ತಾನೇ?

ಬೆನೆಡಿಕ್ಟಾ: ಪಾದ್ರಿಯ ಮಾತು ಮೀರಲಿಕ್ಕೆ ಆಗ್ತದಾ? ಅವರು ಬರುವ ತನಕ ಕಾದು ಮೊದಲಿನಿಂದ ಹೇಳಿದೆ.

ಮ್ಯಾಕ್ಸಿಮ್: ಅಲ್ಲಿ ಬೇರೆ ಯಾರು ಇದ್ದರು?

ಬೆನೆಡಿಕ್ಟಾ: ಬೇರೆ ಯಾರೂ ಇಲ್ಲ. ಎಲ್ಲ ನಮ್ಮ ವಾಡ್ಯದವರೇ.

ಮ್ಯಾಕ್ಸಿಮ್ ಈಸಿಚೇರಿನಲ್ಲಿ ಕುಸಿದರು.

ಮ್ಯಾಕ್ಸಿಮ್: ನಾನು ಕೈ ತೋರಿಸಿದರೆ ತುಂಬಿದ ಬಸ್ಸು ನಿಲ್ತಿತ್ತು ಬೆನೆಡಿಕ್ಟಾ. ಈಗ ನನಗೆ ಎದ್ದು ನಿಲ್ಲುವುದು ಆ ಹೇಂಟೆ ಒಂದೇ. ಗುರ್ಕಾರನಾದರೆ ನಾಲ್ಕು ಮನುಷ್ಯರೂ ನಿಲ್ತಾರೆ ಅಂತ ಆಸೆ ಇತ್ತು.

ಬೆನೆಡಿಕ್ಟಾಬಾಯಿಗೆ ನಿಜವಾಗಿಯೂ ಕನಿಕರ ಬಂತು. ಒಂದು ವಾರದ ಸಿಟ್ಟೆಲ್ಲ ಇಳಿದು, ಕಾಫಿ ಮಾಡಲಾ ಎಂದು ಕೇಳಲು ಬಾಯಿ ತೆರೆದರು. ಆಗ ಗೇಟು ಕಿರ್ರೆಂದಿತು. ಇಗರ್ಜಿಯ ಗಂಟೆ ಹೊಡೆಯುವ ಸ್ಟ್ಯಾನಿಸ್ಲಾಸ್ ಬಂದಿದ್ದರು.

ಸ್ಟ್ಯಾನಿಸ್ಲಾಸ್: ಫಾದರ್ ಕಳಿಸಿದ್ದು. ಗುರ್ಕಾರರ ವಿಷಯ.

ಮ್ಯಾಕ್ಸಿಮ್ (ನೆಟ್ಟಗೆ ಕೂತು): ಬನ್ನಿ, ಬನ್ನಿ. ಹೇಳಿ.

ಸ್ಟ್ಯಾನಿಸ್ಲಾಸ್: ವಾಡ್ಯದ ಸಭೆ ಕರೆದರೆ ಜನ ಬರುವುದಿಲ್ಲ, ಬಂದವರು ಕೂರುವುದಿಲ್ಲ. ಇವತ್ತು ಬೆನೆಡಿಕ್ಟಾಬಾಯಿ ಮಾತಾಡುವಾಗ ಒಬ್ಬರೂ ಏಳಲಿಲ್ಲ. ಮನೆಗೆ ಹೊರಟವರು ಕೂಡ ತಿರುಗಿ ಬಂದು ಕೂತರು. ಹಾಗಾಗಿ ಗುರ್ಕಾರಿಕೆ ಬೆನೆಡಿಕ್ಟಾಬಾಯಿಗೇ ಇರಲಿ ಅಂತ ಫಾದರ್ ಹೇಳಿದ್ದಾರೆ.

ಬೆನೆಡಿಕ್ಟಾ: ನನಗಾ?

ಮ್ಯಾಕ್ಸಿಮ್: ಹೆಂಗಸರಿಗಾ?

ಸ್ಟ್ಯಾನಿಸ್ಲಾಸ್: ಈಗ ಆಗ್ತದಂತೆ. ಹಗಲು ಕಾಯಿಲೆಯವರನ್ನು ನೋಡುವುದು, ಸಂಜೆ ಮನೆಮನೆ ಭೇಟಿ, ಆದಿತ್ಯವಾರ ಇಡೀ ಇಗರ್ಜಿಯಲ್ಲಿ. ಬಾಯಿಗೆ ಇನ್ನು ಮನೆಯಲ್ಲಿ ಕೂರಲಿಕ್ಕೆ ಪುರುಸೊತ್ತು ಸಿಗಲಿಕ್ಕಿಲ್ಲ. ಬರ್ತೇನೆ ಹಾಗಾದರೆ.

ಬೆನೆಡಿಕ್ಟಾಬಾಯಿ ಹಿಗ್ಗಿ ವೇಲನ್ನು ಸರಿಮಾಡಿಕೊಂಡರು. ಮ್ಯಾಕ್ಸಿಮ್ ನೆಲ ನೋಡಿದರು, ಗೋಡೆ ನೋಡಿದರು, ಆಮೇಲೆ ಅಡುಗೆಕೋಣೆಯ ಕಡೆ ನೋಡಿದರು. ಅಲ್ಲಿಯೇ ಅವರ ಕಣ್ಣು ನಿಂತಿತು. ನಿಧಾನವಾಗಿ ಎದ್ದು ಅಂಗಿಯ ತೋಳು ಮಡಚತೊಡಗಿದರು.

ಮ್ಯಾಕ್ಸಿಮ್: ನೀನು ಧೈರ್ಯವಾಗಿ ಹೋಗು ಬೆನೆಡಿಕ್ಟಾ. ಮನೆಯ ಚಿಂತೆ ಬಿಟ್ಟುಬಿಡು, ನಾನಿದ್ದೇನೆ. ಆ ಒಲೆ ಇರುವ ಜಾಗವೇ ಸರಿ ಇಲ್ಲ, ಅದನ್ನು ಒಡೆದು ಕಿಟಕಿಯ ಹತ್ತಿರ ಕಟ್ಟಿಸ್ತೇನೆ. ಮತ್ತೆ ನಿನ್ನ ಉಪ್ಪಿನಕಾಯಿಯ ಭರಣಿಗಳು ಉಂಟಲ್ಲ, ಒಂದೊಂದಕ್ಕೂ ಕೈ ಹಾಕಿ ತಳದವರೆಗೆ ಚೆಕ್ ಮಾಡ್ತೇನೆ.

ಸ್ಟ್ಯಾನಿಸ್ಲಾಸ್ ಆಗಲೇ ರಸ್ತೆಗೆ ಇಳಿದಿದ್ದರು. ಬೆನೆಡಿಕ್ಟಾಬಾಯಿ ಒಂದೇ ಚಪ್ಪಲಿಯಲ್ಲಿ ಅಂಗಳ ದಾಟಿ ಓಡಿದರು.

ಬೆನೆಡಿಕ್ಟಾ: ಸ್ಟ್ಯಾನಿಸ್ಲಾಸ್, ನಿಲ್ಲಿ ಮಾರಾಯ್ರೆ! ನಾನು ಜಗಲಿಯಲ್ಲಿ ಹೇಳಿದ್ದೆಲ್ಲ ಸುಳ್ಳು ಅಂತ ಹೇಳಿ ಫಾದರಿಗೆ! ಇಂಥ ಗಂಡಸು ಈ ವಾಡ್ಯದಲ್ಲೇ ಇಲ್ಲ! ಗುರ್ಕಾರ ಇವರೇ ಆಗಲಿ, ನಾಳೆಯ ಪೂಜೆಯ ತನಕ ಕಾಯುವುದು ಯಾಕೆ, ಈಗಲೇ ಕರೆದುಕೊಂಡು ಹೋಗಿ!